ಒಂದೇ ಬ್ಯಾನಿಗೆ ಮೂರು ಗುಳಿಗೆ ಯಾಕೆ? ಪಾರ್ಕಿನ್ಸನ್ ಔಷಧಗಳೂ ಮೆದುಳಿನ ಡೋಪಮಿನ್ನೂ

ಹೋದ ತಿಂಗಳು ಆಳಂದ ಕಡೆಯ ಹಳ್ಳಿಯಿಂದ ನಮ್ಮ ಕಾಕಾ ಕಲಬುರಗಿಗೆ ತೋರಿಸಿಕೊಳ್ಳಲು ಬಂದಿದ್ದರು. ಅವರಿಗೆ ಪಾರ್ಕಿನ್ಸನ್ ಶುರುವಾಗಿ ಆರು ವರ್ಷ ಆಯಿತು. ಇಷ್ಟು ದಿನ ಒಂದೇ ಗುಳಿಗೆ, ದಿನಕ್ಕೆ ಮೂರು ಸಲ. ಈ ಸಲ ಡಾಕ್ಟರು ಅದರ ಜೊತೆ ಇನ್ನೆರಡು ಬರೆದರು. ಔಷಧದ ಅಂಗಡಿ ಮುಂದೆ ಚೀಟಿ ಹಿಡಿದು ನಿಂತ ಕಾಕಿ ನನ್ನ ಮುಖ ನೋಡಿ ಕೇಳಿದರು: "ಮೊದ್ಲ ಒಂದ್ ಗುಳಿಗಿ ಇತ್ತು, ಈಗ ಮೂರ್ ಆಗ್ಯಾವ. ಬ್ಯಾನಿ ಅಷ್ಟ್ ಬಲಿತದೇನೋ ತಮ್ಮಾ?"

ನಾನು "ಏನಿಲ್ಲ ಕಾಕಿ, ಡಾಕ್ಟರ್ ಹೇಳ್ಯಾರ, ಕೊಡ್ರಿ" ಅಂದುಬಿಟ್ಟೆ. ಅದು ಉತ್ತರವೇ ಅಲ್ಲ. ಊರಿಗೆ ಹೋದ ಮೇಲೆ ಅವರು ಹೆದರಿ ನಾಲ್ಕು ದಿನ ಹೊಸ ಗುಳಿಗೆ ಕೊಡಲೇ ಇಲ್ಲ. ಕೊಡುವವರಿಗೆ ಅರ್ಥ ಆಗದ ಔಷಧ ಡಬ್ಬಿಯಲ್ಲೇ ಉಳಿಯುತ್ತದೆ, ಅಲ್ವಾ? ಹಾಗಾಗಿ ಕಾಕಿಗೆ ಅವತ್ತು ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದೇ ಚೀಟಿ ಹಿಡಿದು ನಿಂತವರು ಬಹಳ ಜನ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲೇ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇತ್ತು.

ಡೋಪಮಿನ್ ಅಂದ್ರೆ ಏನು

ಮೆದುಳಿನ ಕೋಶಗಳು ಒಂದರ ಜೊತೆ ಒಂದು ಮಾತಾಡುವುದು ರಾಸಾಯನಿಕಗಳ ಮೂಲಕ. ಅಂಥ ಒಂದು ರಾಸಾಯನಿಕ ಡೋಪಮಿನ್. ಇದಕ್ಕೆ ಹಲವು ಕೆಲಸ ಇವೆ. ನಮಗೆ ಇಲ್ಲಿ ಬೇಕಾಗಿದ್ದು ಒಂದು: ಕೈ ಎತ್ತಬೇಕು, ಹೆಜ್ಜೆ ಹಾಕಬೇಕು, ಅಂಗಿ ಗುಂಡಿ ಹಾಕಿಕೊಳ್ಳಬೇಕು ಅಂದಾಗ ಆ ಚಲನೆ ಸರಾಗವಾಗಿ ಆಗುವ ಹಾಗೆ ನೋಡಿಕೊಳ್ಳುವುದು.

ಈ ಡೋಪಮಿನ್ ತಯಾರಾಗುವ ಒಂದು ಮುಖ್ಯ ಜಾಗ ಮೆದುಳಿನ ನಡುಭಾಗದಲ್ಲಿದೆ. ಮೆದುಳನ್ನು ಅಡ್ಡ ಸೀಳಿದರೆ ಅಲ್ಲಿ ಒಂದು ಕಪ್ಪು ಪಟ್ಟಿ ಬರಿಗಣ್ಣಿಗೇ ಕಾಣುತ್ತದೆ. ಸಬ್‌ಸ್ಟ್ಯಾನ್ಷಿಯಾ ನೈಗ್ರಾ ಅಂತ ಅದರ ಹೆಸರು, ಅಂದರೆ ಕಪ್ಪು ವಸ್ತು ಅಂತಲೇ ಅರ್ಥ. ಪಾರ್ಕಿನ್ಸನ್‌ನಲ್ಲಿ ಈ ಕಪ್ಪು ಪಟ್ಟಿಯ ಕೋಶಗಳು ವರ್ಷಗಟ್ಟಲೆ ಸದ್ದಿಲ್ಲದೆ ಸಾಯುತ್ತಾ ಹೋಗುತ್ತವೆ. ಕೈ ನಡುಗಲು ಶುರುವಾಗಿ ನಾವು ದವಾಖಾನೆಗೆ ಹೋಗುವ ಹೊತ್ತಿಗೆ ಅರ್ಧದಷ್ಟು ಕೋಶಗಳು ಹೋಗಿರುತ್ತವೆ.

ನಡುಕ ಎಲ್ಲರಿಗೂ ಬರುವುದಿಲ್ಲ. ನಿಧಾನ ಆಗುವುದು, ಮೈ ಬಿಗಿಯುವುದು, ಅಕ್ಷರ ಸಣ್ಣದಾಗುವುದು, ಮುಖದ ಮೇಲಿನ ಭಾವ ಕಡಿಮೆಯಾಗುವುದು, ಇವೂ ಅದರದೇ ಲಕ್ಷಣ. ಕಾಕಾಗೆ ಮೊದಲು ಕಂಡಿದ್ದು ನಡೆಯುವಾಗ ಬಲಗೈ ಬೀಸದೇ ಇದ್ದದ್ದು. ಭುಜ ನೋವು ಇರಬೇಕು ಅಂತ ಒಂದು ವರ್ಷ ಎಣ್ಣೆ ಹಚ್ಚಿದೆವು. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಲಕ್ಷಣಗಳನ್ನೆಲ್ಲ ಒಟ್ಟಿಗೆ ಬರೆದಿಟ್ಟರು, ಕಾಯಿಲೆಗೆ ಅವರದೇ ಹೆಸರು ಬಂತು. ಆದರೆ ಡೋಪಮಿನ್ ಕಡಿಮೆಯಾಗುವುದರಿಂದ ಹೀಗಾಗುತ್ತದೆ ಅಂತ ಗೊತ್ತಾಗಲು ಮುಂದೆ ಸುಮಾರು 140 ವರ್ಷ ಬೇಕಾಯಿತು.

ಅದು ಗೊತ್ತಾದ ಕತೆಯಲ್ಲಿ ನಮ್ಮ ದೇಶದ ಒಂದು ಗಿಡವೂ ಇದೆ. ಸರ್ಪಗಂಧದ ಬೇರಿನಿಂದ ರೆಸರ್ಪಿನ್ ಅನ್ನುವ ಔಷಧ ಬರುತ್ತದೆ. ಅದನ್ನು ಕೊಟ್ಟ ಮೊಲಗಳು ಅಲ್ಲಾಡದೆ ಕೂತುಬಿಡುತ್ತಿದ್ದವು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್ ಅಂಥ ಮೊಲಗಳಿಗೆ ಲೆವೊಡೋಪಾ ಅನ್ನುವ ವಸ್ತು ಚುಚ್ಚಿದರು. ಸ್ವಲ್ಪ ಹೊತ್ತಿಗೇ ಮೊಲಗಳು ಎದ್ದು ಓಡಾಡಿದವು. 1960ರಲ್ಲಿ ವಿಯೆನ್ನಾದ ಒಲೆಹ್ ಹಾರ್ನಿಕೀವಿಚ್, ಪಾರ್ಕಿನ್ಸನ್‌ನಿಂದ ತೀರಿಹೋದವರ ಮೆದುಳಿನಲ್ಲಿ ಡೋಪಮಿನ್ ಬಹಳ ಕಡಿಮೆ ಇರುವುದನ್ನು ತೋರಿಸಿದರು. 1967ರಲ್ಲಿ ಅಮೆರಿಕದಲ್ಲಿ ಜಾರ್ಜ್ ಕೋಟ್ಸಿಯಾಸ್ ಲೆವೊಡೋಪಾವನ್ನು ಬಾಯಿಂದಲೇ, ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಕೊಟ್ಟು ರೋಗಿಗಳು ಚೇತರಿಸಿಕೊಳ್ಳುವುದನ್ನು ತೋರಿಸಿದರು. ಕಾರ್ಲ್ಸನ್ ಅವರಿಗೆ 2000ದಲ್ಲಿ ನೊಬೆಲ್ ಬಂತು. ಇವತ್ತು ಕಾಕಾನ ಡಬ್ಬಿಯಲ್ಲಿರುವ ಮುಖ್ಯ ಗುಳಿಗೆಯೂ ಅದೇ ಲೆವೊಡೋಪಾ.

ಡೋಪಮಿನ್ನನ್ನೇ ನೇರ ಕೊಟ್ಟರೆ ಆಗಲ್ವಾ?

ಕಡಿಮೆ ಇರುವುದು ಡೋಪಮಿನ್ ತಾನೇ, ಅದನ್ನೇ ಗುಳಿಗೆ ಮಾಡಿ ಕೊಡಬಹುದಲ್ಲ ಅಂತ ಯಾರಿಗಾದರೂ ಅನಿಸುತ್ತದೆ. ಆಗುವುದಿಲ್ಲ. ರಕ್ತದಲ್ಲಿರುವ ಎಲ್ಲವನ್ನೂ ಮೆದುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೆದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿ. ಬೀದರ್ ಕೋಟೆಯ ಬಾಗಿಲುಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಗೋಡೆ ಹತ್ತಿ ಬರಲು ಆಗದು, ಬಾಗಿಲಲ್ಲಿ ಕಾವಲು, ಗುರುತು ಇದ್ದವರಿಗೆ ಮಾತ್ರ ಒಳಗೆ ದಾರಿ. ಡೋಪಮಿನ್‌ಗೆ ಆ ಗುರುತು ಇಲ್ಲ. ಲೆವೊಡೋಪಾಕ್ಕೆ ಇದೆ.

ಲೆವೊಡೋಪಾ ಅಂದರೆ ಡೋಪಮಿನ್‌ನ ಹಿಂದಿನ ಹಂತ. ಇದನ್ನು ತೊಗರಿ ಮತ್ತು ಬ್ಯಾಳಿ ಅಂದುಕೊಳ್ಳಿ. ಲೆವೊಡೋಪಾ ಇಡೀ ತೊಗರಿ ಕಾಳು. ಡೋಪಮಿನ್ ಅದನ್ನು ಒಡೆದು ಮಾಡಿದ ಬ್ಯಾಳಿ. ಅಡುಗೆಗೆ ಬೇಕಾಗಿದ್ದು ಬ್ಯಾಳಿಯೇ, ಆದರೆ ಕೋಟೆ ಬಾಗಿಲು ಬ್ಯಾಳಿಯನ್ನು ಬಿಡುವುದಿಲ್ಲ, ಕಾಳನ್ನು ಮಾತ್ರ ಬಿಡುತ್ತದೆ. ಹಾಗಾಗಿ ಕಾಳು ಕಳಿಸಬೇಕು, ಒಳಗಿನ ಗಿರಣಿಯಲ್ಲಿ ಬ್ಯಾಳಿ ಆಗಬೇಕು.

ಇಲ್ಲೊಂದು ತೊಡಕು. ಗಿರಣಿಗಳು ಕೋಟೆ ಒಳಗೆ ಮಾತ್ರ ಇಲ್ಲ. ದಾರಿಯುದ್ದಕ್ಕೂ ಇವೆ, ಕಲಬುರಗಿ ಸುತ್ತ ದಾಲ್ ಮಿಲ್ ಇರುವ ಹಾಗೆ. ಕರುಳಿನಲ್ಲಿ, ಯಕೃತ್ತಿನಲ್ಲಿ, ರಕ್ತನಾಳದ ಗೋಡೆಗಳಲ್ಲಿ ಎಲ್ಲ ಕಡೆ ಲೆವೊಡೋಪಾವನ್ನು ಡೋಪಮಿನ್ ಮಾಡುವ ಕಿಣ್ವ ಇದೆ. ಡಿಕಾರ್ಬಾಕ್ಸಿಲೇಸ್ ಅಂತ ಅದರ ಹೆಸರು. ಲೆವೊಡೋಪಾ ಒಂದನ್ನೇ ನುಂಗಿದರೆ ಬಹುಪಾಲು ದಾರಿಯಲ್ಲೇ ಬ್ಯಾಳಿಯಾಗಿ ಹೊರಗೇ ಉಳಿದುಬಿಡುತ್ತದೆ. ಮೆದುಳು ಮುಟ್ಟುವುದು 100ರಲ್ಲಿ ಒಂದೆರಡು ಪಾಲು. ಹೊರಗೆ ಉಳಿದದ್ದು ಸುಮ್ನೆ ಇರುವುದೂ ಇಲ್ಲ. ವಾಂತಿ ಬರಿಸುವ ಕೇಂದ್ರ ಈ ಗೋಡೆಯ ಕಾವಲಿನಿಂದ ಹೊರಗಿದೆ, ಡೋಪಮಿನ್ ಅದನ್ನು ಕೆರಳಿಸುತ್ತದೆ. ರಕ್ತದೊತ್ತಡವನ್ನೂ ಇಳಿಸುತ್ತದೆ.

ಒಂದೇ ಗುಳಿಗೆಯಲ್ಲಿ ಮೊದಲಿನಿಂದಲೂ ಇಬ್ಬರು

ಈ ತೊಡಕಿಗೆ ಉತ್ತರ ಕಾರ್ಬಿಡೋಪಾ. ಇದು ದಾರಿಯಲ್ಲಿರುವ ಗಿರಣಿಗಳಿಗೆ ಬೀಗ ಹಾಕುತ್ತದೆ. ಚಂದದ ಸಂಗತಿ ಏನಂದರೆ ಇದಕ್ಕೂ ಕೋಟೆಯೊಳಗೆ ಹೋಗಲು ಆಗುವುದಿಲ್ಲ. ಹಾಗಾಗಿ ಹೊರಗಿನ ಗಿರಣಿ ಮಾತ್ರ ನಿಲ್ಲುತ್ತವೆ, ಒಳಗಿನವು ನಡೆಯುತ್ತಲೇ ಇರುತ್ತವೆ. ಕಾರ್ಬಿಡೋಪಾ ಸೇರಿಸಿದ ಮೇಲೆ ಬೇಕಾಗುವ ಲೆವೊಡೋಪಾ ಸುಮಾರು ಮುಕ್ಕಾಲು ಪಾಲು ಕಡಿಮೆ ಆಯಿತು, ವಾಂತಿಯೂ ಬಹಳ ಕಡಿಮೆ ಆಯಿತು. ಬೆನ್ಸೆರಜೈಡ್ ಅನ್ನುವುದೂ ಇದೇ ಕೆಲಸ ಮಾಡುವ ಇನ್ನೊಂದು ಔಷಧ. ಅಂದರೆ ಕಾಕಾ ಆರು ವರ್ಷದಿಂದ ನುಂಗುತ್ತಿದ್ದ "ಒಂದೇ ಗುಳಿಗೆ"ಯಲ್ಲಿ ಮೊದಲಿನಿಂದಲೂ ಎರಡು ಔಷಧ ಇದ್ದವು. ಕಾಕಿಗೆ ಇದನ್ನು ಹೇಳಿದಾಗ ಅವರಿಗೆ ಅರ್ಧ ಹೆದರಿಕೆ ಹೋಯಿತು.

ಗುಳಿಗೆಯ ಹೆಸರಿನ ಮುಂದೆ 110, 125, 275 ಅಂತ ಅಂಕಿ ಇರುತ್ತವಲ್ಲ, ಅದು ಎರಡೂ ಔಷಧ ಕೂಡಿಸಿದ ಮಿಲಿಗ್ರಾಂ ಲೆಕ್ಕ. 110 ಅಂದರೆ ಲೆವೊಡೋಪಾ 100, ಕಾರ್ಬಿಡೋಪಾ 10. 125 ಅಂದರೆ 100 ಮತ್ತು 25. 275 ಅಂದರೆ 250 ಮತ್ತು 25. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಹೊರಗಿನ ಗಿರಣಿಗಳನ್ನು ಪೂರ್ತಿ ನಿಲ್ಲಿಸಲು ದಿನಕ್ಕೆ ಸುಮಾರು 70ರಿಂದ 100 ಮಿಲಿಗ್ರಾಂ ಕಾರ್ಬಿಡೋಪಾ ಬೇಕು. 110ರ ಗುಳಿಗೆ ಮೂರು ನುಂಗಿದರೆ ಸಿಗುವುದು ಬರೀ 30. 125ರದ್ದು ಮೂರು ನುಂಗಿದರೆ 75. ಎರಡರಲ್ಲೂ ಲೆವೊಡೋಪಾ ಅಷ್ಟೇ. ಅಂಗಡಿಯಲ್ಲಿ "ಅದು ಇಲ್ಲ, ಇದು ತಗೊಳ್ರಿ, ಎರಡೂ ಒಂದೇ" ಅಂದರೆ ಒಂದೇ ಅಲ್ಲ. ಹೊಟ್ಟೆ ತೊಳಸುವುದು ಇದ್ದಕ್ಕಿದ್ದ ಹಾಗೆ ಜಾಸ್ತಿಯಾದರೆ ಈ ಅಂಕಿ ಬದಲಾಗಿದೆಯಾ ಅಂತ ಮೊದಲು ನೋಡಿ.

ಹಗೇವು ಬರಿದಾದಾಗ

ಹಾಗಾದರೆ ಆರು ವರ್ಷ ಚೆನ್ನಾಗಿ ನಡೆದದ್ದು ಈಗ ಯಾಕೆ ಸಾಲುತ್ತಿಲ್ಲ? ಔಷಧದ ಶಕ್ತಿ ಹೋಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಔಷಧ ಅದೇ ಇದೆ, ಇಟ್ಟುಕೊಳ್ಳುವ ಜಾಗ ಕಡಿಮೆಯಾಗಿದೆ.

ನಮ್ಮ ಹಳೆಯ ಮನೆಗಳಲ್ಲಿ ಹಗೇವು ಇರುತ್ತಿತ್ತು. ನೆಲದೊಳಗೆ ತೋಡಿದ ಕಾಳಿನ ಗುಂಡಿ. ಸುಗ್ಗಿ ವರ್ಷಕ್ಕೆ ಒಂದು ಸಲ ಬಂದರೂ ಊಟ ದಿನಾ ಆಗುತ್ತಿತ್ತು, ಯಾಕೆಂದರೆ ತುಂಬಿಟ್ಟು ಬೇಕಾದಷ್ಟೇ ತೆಗೆಯುತ್ತಿದ್ದರು. ಡೋಪಮಿನ್ ಕೋಶಗಳೂ ಹಾಗೇ. ಗುಳಿಗೆಯಿಂದ ಬಂದ ಲೆವೊಡೋಪಾವನ್ನು ಡೋಪಮಿನ್ ಮಾಡಿ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಟ್ಟುಕೊಂಡು, ದಿನವಿಡೀ ಒಂದೇ ಸಮನೆ ಬಿಡುತ್ತವೆ. ಕಾರ್ಬಿಡೋಪಾ ಜೊತೆ ಇದ್ದರೂ ರಕ್ತದಲ್ಲಿ ಲೆವೊಡೋಪಾ ಅರ್ಧಕ್ಕೆ ಇಳಿಯಲು ಒಂದೂವರೆ ಗಂಟೆ ಸಾಕು. ಆದರೂ ಮೊದಲ ವರ್ಷಗಳಲ್ಲಿ ದಿನಕ್ಕೆ ಮೂರೇ ಗುಳಿಗೆಯಲ್ಲಿ ಕಾಕಾ ಹೊಲಕ್ಕೆ ಹೋಗಿ ಬರುತ್ತಿದ್ದರು. ನಡುವಿನ ಹೊತ್ತನ್ನು ಹಗೇವು ನೋಡಿಕೊಳ್ಳುತ್ತಿತ್ತು.

ವರ್ಷ ಕಳೆದ ಹಾಗೆ ಉಳಿದ ಕೋಶಗಳೂ ಕಡಿಮೆ ಆಗುತ್ತವೆ. ಹಗೇವುಗಳು ಒಂದೊಂದಾಗಿ ಕುಸಿಯುತ್ತವೆ. ಈಗ ಬಂದ ಕಾಳು ಬಂದ ಹೊತ್ತಿಗೇ ಖರ್ಚು. ರಕ್ತದಲ್ಲಿ ಲೆವೊಡೋಪಾ ಏರಿದರೆ ಮೆದುಳಲ್ಲೂ ಡೋಪಮಿನ್ ಏರುತ್ತದೆ, ಇಳಿದರೆ ಕೂಡಲೇ ಇಳಿಯುತ್ತದೆ. ಮನೆಯಲ್ಲಿ ಇದನ್ನು "ಗುಳಿಗಿ ಹಿಡೀತು", "ಗುಳಿಗಿ ಇಳೀತು" ಅನ್ನುತ್ತೇವೆ. ಡಾಕ್ಟರು ಆನ್, ಆಫ್ ಅನ್ನುತ್ತಾರೆ. ಕಾಕಾಗೆ ಬೆಳಿಗ್ಗೆ ಎಂಟಕ್ಕೆ ನುಂಗಿದ್ದು ಹನ್ನೊಂದೂವರೆಗೆ ಇಳಿಯುತ್ತಿತ್ತು. ಮುಂದಿನ ಗುಳಿಗೆ ಎರಡು ಗಂಟೆಗೆ. ನಡುವಿನ ಎರಡೂವರೆ ಗಂಟೆ ಕಟ್ಟೆಯ ಮೇಲೆ ಕೂತಲ್ಲೇ.

ಲೆವೊಡೋಪಾ ಬೇಗ ಶುರು ಮಾಡಿದರೆ ಬೇಗ ಕೈ ಕೊಡುತ್ತದೆ, ಆದಷ್ಟು ಮುಂದಕ್ಕೆ ಹಾಕಬೇಕು ಅನ್ನುವ ಮಾತು ಇನ್ನೂ ಕೇಳಿಬರುತ್ತದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಘಾನಾ ಮತ್ತು ಇಟಲಿಯ ರೋಗಿಗಳನ್ನು ಹೋಲಿಸಿತು. ಘಾನಾದವರಿಗೆ ಔಷಧ ಸಿಕ್ಕಿದ್ದೇ ತಡವಾಗಿ. ಆದರೂ ಈ ಏರಿಳಿತದ ತೊಂದರೆಗಳು ಎರಡೂ ಕಡೆ ಕಾಯಿಲೆ ಶುರುವಾಗಿ ಹೆಚ್ಚುಕಡಿಮೆ ಅಷ್ಟೇ ವರ್ಷಕ್ಕೆ ಬಂದವು. ಕಾಯಿಲೆಯ ವಯಸ್ಸು ಮುಖ್ಯ, ಒಂದು ಸಲಕ್ಕೆ ಎಷ್ಟು ಡೋಸ್ ಅನ್ನುವುದೂ ಮುಖ್ಯ. ಸುಮ್ನೆ ಕಾದವರು ಕಳೆದುಕೊಂಡದ್ದು ಚೆನ್ನಾಗಿ ಓಡಾಡಬಹುದಾಗಿದ್ದ ವರ್ಷಗಳನ್ನು.

ಎರಡನೇ ಗುಳಿಗೆ: ದಾರಿಯ ಇನ್ನೊಂದು ಕಳ್ಳಕಿಂಡಿ

ಈಗ ಬರೋಣ ಹೊಸ ಗುಳಿಗೆಗಳಿಗೆ. ಲೆವೊಡೋಪಾದ ಡೋಸನ್ನೇ ಹೆಚ್ಚಿಸಬಹುದಿತ್ತು. ಹಾಗೆ ಮಾಡಿದರೆ ಏರು ಇನ್ನೂ ಎತ್ತರ ಆಗುತ್ತದೆ, ಇಳಿಜಾರು ಹಾಗೇ ಇರುತ್ತದೆ. ಬೇಕಾಗಿದ್ದು ಎತ್ತರ ಅಲ್ಲ, ಹೆಚ್ಚು ಹೊತ್ತು ನಿಲ್ಲುವುದು.

ಹೊರಗಿನ ಗಿರಣಿಗಳಿಗೆ ಬೀಗ ಬಿದ್ದ ಮೇಲೆ ಲೆವೊಡೋಪಾ ಸೋರಿಹೋಗುವ ಇನ್ನೊಂದು ದಾರಿ ಜೋರಾಗುತ್ತದೆ. ಸಿಒಎಂಟಿ ಅನ್ನುವ ಕಿಣ್ವ ಅದನ್ನು ಬೇರೆಯೇ ವಸ್ತುವಾಗಿ ಬದಲಿಸುತ್ತದೆ. ಬ್ಯಾಳಿಯೂ ಆಗದ, ಬಿತ್ತಲೂ ಬಾರದ ಹುಳುಕು ಕಾಳು ಅನ್ನಬಹುದು. ಈ ಹುಳುಕು ಕಾಳು ಕೋಟೆ ಬಾಗಿಲಲ್ಲಿ ಒಳ್ಳೆಯ ಕಾಳಿನ ಜೊತೆ ಜಾಗಕ್ಕೆ ಪೈಪೋಟಿಯನ್ನೂ ಮಾಡುತ್ತದೆ. ಎಂಟಾಕಪೋನ್ ತಡೆಯುವುದು ಈ ಕಿಣ್ವವನ್ನು. 200 ಮಿಲಿಗ್ರಾಂನ ಗುಳಿಗೆಯನ್ನು ಪ್ರತಿ ಸಲ ಲೆವೊಡೋಪಾ ಜೊತೆಗೇ ನುಂಗಬೇಕು. ಒಂದೇ ನುಂಗಿದರೆ ಪಾರ್ಕಿನ್ಸನ್‌ಗೆ ಏನೂ ಆಗುವುದಿಲ್ಲ, ಕಾಯಲು ಕಾಳೇ ಇಲ್ಲದ ಕಾವಲುಗಾರನ ಹಾಗೆ. ಜೊತೆಗೆ ನುಂಗಿದರೆ ಅದೇ ಡೋಸ್ ಲೆವೊಡೋಪಾ ಮೂರನೇ ಒಂದು ಪಾಲಿನಷ್ಟು ಹೆಚ್ಚು ದಕ್ಕುತ್ತದೆ, ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಲೆವೊಡೋಪಾ, ಕಾರ್ಬಿಡೋಪಾ, ಎಂಟಾಕಪೋನ್ ಮೂರೂ ಸೇರಿದ ಒಂದೇ ಗುಳಿಗೆಯೂ ಇದೆ.

ಒಂದು ಮಾತು ಮೊದಲೇ ಗೊತ್ತಿದ್ದರೆ ಒಳ್ಳೆಯದು. ಎಂಟಾಕಪೋನ್ ನುಂಗಿದವರ ಮೂತ್ರ ಕಿತ್ತಳೆ ಇಲ್ಲವೇ ಕೆಂಪು ಕಂದು ಬಣ್ಣಕ್ಕೆ ತಿರುಗಬಹುದು. ಅದು ಔಷಧದ ಬಣ್ಣ, ರಕ್ತ ಅಲ್ಲ. ಕೆಲವರಿಗೆ ಭೇದಿ ಆಗುತ್ತದೆ, ಅದನ್ನು ಮಾತ್ರ ಡಾಕ್ಟರಿಗೆ ಹೇಳಬೇಕು. ಇದೇ ಗುಂಪಿನ ಟೋಲ್ಕಪೋನ್ ಯಕೃತ್ತಿಗೆ ತೊಂದರೆ ಮಾಡಬಲ್ಲದು, ಅದಕ್ಕೇ ಅದನ್ನು ಕೊಟ್ಟರೆ ರಕ್ತಪರೀಕ್ಷೆ ಮಾಡಿಸುತ್ತಾ ಇರಬೇಕಾಗುತ್ತದೆ. ಒಪಿಕಪೋನ್ ಹೊಸದು, ದಿನಕ್ಕೊಂದೇ ಸಲ.

ಮೂರನೇ ಗುಳಿಗೆ: ಕೋಟೆಯೊಳಗಿನ ಇಲಿ

ಒಳಗೆ ಹೋಗಿ ಬ್ಯಾಳಿ ಆದ ಮೇಲೂ ಅಪಾಯ ಮುಗಿಯಲಿಲ್ಲ. ಮೆದುಳಿನಲ್ಲಿ ಎಂಎಒ-ಬಿ ಅನ್ನುವ ಕಿಣ್ವ ಡೋಪಮಿನ್ನನ್ನು ಒಡೆದು ಹಾಕುತ್ತಾ ಇರುತ್ತದೆ. ಉಗ್ರಾಣದ ಇಲಿ ಅಂದುಕೊಳ್ಳಿ. ಚೆನ್ನಾಗಿರುವ ಮೆದುಳಿಗೆ ಇದು ಬೇಕು, ಹಳೆಯ ಡೋಪಮಿನ್ ತೆರವಾಗಬೇಕಲ್ಲ. ಆದರೆ ಬರುವುದೇ ಇಷ್ಟು ಅಂದಾಗ ಇಲಿಯ ಪಾಲೂ ಭಾರವೇ. ರಸಾಜಿಲಿನ್ ಮತ್ತು ಸೆಲೆಜಿಲಿನ್ ಈ ಕಿಣ್ವವನ್ನು ಕಾಯಂ ಆಗಿ ಕೆಲಸಕ್ಕೆ ಬಾರದ ಹಾಗೆ ಮಾಡುತ್ತವೆ. ದೇಹ ಹೊಸದಾಗಿ ಆ ಕಿಣ್ವ ತಯಾರಿಸುವವರೆಗೂ ಪರಿಣಾಮ ಇರುತ್ತದೆ. ಅದಕ್ಕೇ ರಸಾಜಿಲಿನ್ ದಿನಕ್ಕೆ ಒಂದೇ ಸಲ, ಅದೂ ಅರ್ಧ ಅಥವಾ ಒಂದು ಮಿಲಿಗ್ರಾಂ. ಕಾಕಿ ಆ ಸಣ್ಣ ಗುಳಿಗೆ ನೋಡಿ "ಇದೇನ್ ಮಾಡ್ತದ" ಅಂದಿದ್ದರು. ಅದು ಹೊಸ ಡೋಪಮಿನ್ ತರುವುದಿಲ್ಲ, ಇರುವುದನ್ನು ಉಳಿಸುತ್ತದೆ.

ಈಗ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಲೆವೊಡೋಪಾ ಸರಕು. ಕಾರ್ಬಿಡೋಪಾ, ಎಂಟಾಕಪೋನ್ ದಾರಿಯ ಕಾವಲು. ರಸಾಜಿಲಿನ್ ಉಗ್ರಾಣದ ಕಾವಲು. ಒಂದೊಂದೂ ಬೇರೆ ಜಾಗದಲ್ಲಿ ನಿಂತಿದೆ, ಆದ್ದರಿಂದ ಒಂದು ಇದೆಯಲ್ಲ ಇನ್ನೊಂದು ಯಾಕೆ ಅನ್ನುವ ಪ್ರಶ್ನೆ ಬರುವುದಿಲ್ಲ. ಕಾಯಿಲೆ ಮುಂದುವರಿದಿದೆ ಅನ್ನುವುದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಮೂರು ಗುಳಿಗೆ ಅಂದರೆ ಮೂರು ಪಟ್ಟು ಬ್ಯಾನಿ ಅಲ್ಲ. ಪವಾಡವನ್ನೂ ಕಾಯಬೇಡಿ. ಎಂಟಾಕಪೋನ್ ಆಗಲಿ ರಸಾಜಿಲಿನ್ ಆಗಲಿ ಸೇರಿಸಿದಾಗ ಸರಾಸರಿ ದಿನಕ್ಕೆ ಒಂದು ಗಂಟೆಯಷ್ಟು ಆಫ್ ಹೊತ್ತು ಕಡಿಮೆಯಾಗುತ್ತದೆ. ಒಂದು ಗಂಟೆ ಕಡಿಮೆ ಅನಿಸಬಹುದು. ಕಟ್ಟೆಯ ಮೇಲೆ ಕಲ್ಲಿನಂತೆ ಕೂತವರಿಗೆ ಅದು ಸಣ್ಣದಲ್ಲ.

ಬ್ಯಾಳಿಯ ವೇಷದವರು

ಕೆಲವರ ಚೀಟಿಯಲ್ಲಿ ಪ್ರಮಿಪೆಕ್ಸಾಲ್ ಅಥವಾ ರೋಪಿನಿರೋಲ್ ಇರುತ್ತದೆ. ಇವು ಲೆವೊಡೋಪಾವನ್ನು ಕಾಯುವವರಲ್ಲ. ಡೋಪಮಿನ್ ಹೋಗಿ ಕೂರುವ ಜಾಗದಲ್ಲಿ ತಾವೇ ಕೂತು ಅದೇ ಕೆಲಸ ಮಾಡುತ್ತವೆ. ತೊಗರಿ ಬ್ಯಾಳಿ ಸಾಲದಾದಾಗ ಹೆಸರು ಬ್ಯಾಳಿ ಹಾಕಿ ಸಾರು ಮಾಡಿದ ಹಾಗೆ. ಗಿರಣಿ ಬೇಡ, ಹಗೇವು ಬೇಡ, ಕರಗಲೂ ಹೆಚ್ಚು ಹೊತ್ತು ಬೇಕು. ರೋಪಿನಿರೋಲ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಆರು ಗಂಟೆ, ಪ್ರಮಿಪೆಕ್ಸಾಲ್ ಎಂಟು ಗಂಟೆಗೂ ಜಾಸ್ತಿ.

ಇವುಗಳ ಬಗ್ಗೆ ಒಂದು ವಿಷಯ ಮನೆಯವರು ತಿಳಿದಿರಲೇಬೇಕು. ಡೋಪಮಿನ್ ಚಲನೆಗೆ ಮಾತ್ರ ಅಲ್ಲ, ಆಸೆ ಮತ್ತು ಖುಷಿಗೂ ಸಂಬಂಧಿಸಿದ್ದು. ಈ ಔಷಧ ನುಂಗುವ ಕೆಲವರಿಗೆ ತಡೆಯಲಾಗದ ಚಟ ಅಂಟಿಕೊಳ್ಳುತ್ತದೆ: ಜೂಜು, ಬೇಡದ್ದನ್ನೆಲ್ಲ ಕೊಳ್ಳುವುದು, ವಿಪರೀತ ತಿನ್ನುವುದು, ಲೈಂಗಿಕ ಆಸೆ ಅತಿಯಾಗುವುದು. ಹಿಂದೆಂದೂ ಎಲೆ ಮುಟ್ಟದವರು ಇಸ್ಪೀಟಿಗೆ ಕೂತರೆ ಮನೆಯಲ್ಲಿ ಬೈಗುಳ, ಅವಮಾನ. ಅದು ಗುಣ ಕೆಟ್ಟಿದ್ದಲ್ಲ, ಔಷಧದ ಪರಿಣಾಮ ಇರಬಹುದು, ಡೋಸ್ ಇಳಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಇದ್ದಕ್ಕಿದ್ದ ಹಾಗೆ ನಿದ್ದೆ ಹತ್ತುವುದೂ ಇದೆ, ಬೈಕು ಓಡಿಸುವವರು ಎಚ್ಚರ.

ಅಮಾಂಟಡಿನ್, ಟ್ರೈಹೆಕ್ಸಿಫೆನಿಡಿಲ್ ಅನ್ನುವ ಹೆಸರುಗಳೂ ಚೀಟಿಯಲ್ಲಿ ಕಾಣಬಹುದು. ಮೊದಲನೆಯದು ಈಗ ಹೇಳಲಿರುವ ಕುಣಿತವನ್ನು ತಗ್ಗಿಸಲು. ಎರಡನೆಯದು ನಡುಕಕ್ಕೆ, ಡೋಪಮಿನ್ನಿನ ಬದಲು ಅಸಿಟೈಲ್‌ಕೋಲಿನ್ ಅನ್ನುವ ಇನ್ನೊಂದು ರಾಸಾಯನಿಕದ ಮೇಲೆ ಕೆಲಸ ಮಾಡುತ್ತದೆ. ವಯಸ್ಸಾದವರಲ್ಲಿ ಮರೆವು, ಗೊಂದಲ ತರುವುದರಿಂದ ಅದನ್ನು ಅವರಿಗೆ ಆದಷ್ಟು ಕೊಡುವುದಿಲ್ಲ.

ಜಾಸ್ತಿ ಆದರೆ

ಡೋಪಮಿನ್ ಕಡಿಮೆಯಾದರೆ ಮೈ ಬಿಗಿಯುತ್ತದೆ. ಜಾಸ್ತಿಯಾದರೆ ಮೈ ತಾನಾಗಿ ಹೊರಳುತ್ತದೆ, ತೂಗುತ್ತದೆ, ಕೈಕಾಲು ಕುಣಿಯುತ್ತವೆ. ಡಿಸ್ಕೈನೀಸಿಯಾ ಅನ್ನುತ್ತಾರೆ. ನಡುಕ ಹೆಚ್ಚಾಯಿತು ಅಂತ ಮನೆಯವರು ಇನ್ನೊಂದು ಗುಳಿಗೆ ಕೊಟ್ಟುಬಿಡುವುದು ಇಲ್ಲೇ. ನಡುಕ ತಾಳಕ್ಕೆ ಸರಿಯಾಗಿ, ಕೈ ಸುಮ್ಮನೆ ತೊಡೆಯ ಮೇಲಿದ್ದಾಗ ಬರುತ್ತದೆ. ಈ ಹೊರಳುವಿಕೆಗೆ ತಾಳ ಇಲ್ಲ, ಹೆಚ್ಚಾಗಿ ಗುಳಿಗೆ ಚೆನ್ನಾಗಿ ಹಿಡಿದ ಹೊತ್ತಿನಲ್ಲಿ ಬರುತ್ತದೆ. ಎರಡಕ್ಕೂ ಮಾಡಬೇಕಾದದ್ದು ಒಂದಕ್ಕೊಂದು ತದ್ವಿರುದ್ಧ.

ಕಾಯಿಲೆಯ ಶುರುವಿನಲ್ಲಿ ಬಿಗಿಯುವ ಮಟ್ಟಕ್ಕೂ ಕುಣಿಯುವ ಮಟ್ಟಕ್ಕೂ ನಡುವೆ ಅಗಲವಾದ ದಾರಿ ಇರುತ್ತದೆ. ವರ್ಷ ಕಳೆದಂತೆ ಅದು ಹೊಲದ ಬದುವಿನಷ್ಟು ಕಿರಿದಾಗುತ್ತದೆ. ಔಷಧ ಜೋಡಿಸುವ ಕೆಲಸವೆಲ್ಲ ಆ ಬದುವಿನ ಮೇಲೆ ನಡೆಸುವುದೇ. ಹೊಸ ಗುಳಿಗೆ ಸೇರಿಸಿದ ಮೇಲೆ ಲೆವೊಡೋಪಾ ಹೆಚ್ಚು ದಕ್ಕುವುದರಿಂದ ಹಳೆಯ ಡೋಸೇ ಈಗ ಜಾಸ್ತಿ ಆಗಬಹುದು. ಮೊದಲ ಕೆಲವು ವಾರಗಳಲ್ಲಿ ಕುಣಿತ, ಇಲ್ಲದವರು ಕಂಡಂತಾಗುವುದು, ಎದ್ದಾಗ ಕಣ್ಣು ಕತ್ತಲೆ ಬರುವುದು ಕಂಡರೆ ಡಾಕ್ಟರಿಗೆ ಹೇಳಿ, ಅವರು ಲೆವೊಡೋಪಾ ಇಳಿಸುತ್ತಾರೆ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಲ್ಲಿ ಈ ಕಣ್ಣು ಕತ್ತಲೆ ಇನ್ನೂ ಜಾಸ್ತಿ. ಬೆವರಿ ನೀರು ಕಡಿಮೆಯಾದರೆ ರಕ್ತದೊತ್ತಡ ಮೊದಲೇ ಇಳಿದಿರುತ್ತದೆ, ಗುಳಿಗೆ ಇನ್ನಷ್ಟು ಇಳಿಸುತ್ತದೆ. ನೀರು ಕುಡಿಸಿ, ಹಾಸಿಗೆಯಿಂದ ಒಮ್ಮೆಲೇ ಏಳಲು ಬಿಡಬೇಡಿ.

ಗುಳಿಗೆಗೂ ಬ್ಯಾಳಿಗೂ ಜಗಳ

ಇಲ್ಲಿಯವರೆಗೆ ಬ್ಯಾಳಿ ಬರೀ ಹೋಲಿಕೆಯಾಗಿತ್ತು. ಈಗ ನಿಜವಾದ ಬ್ಯಾಳಿಯ ಮಾತು. ಲೆವೊಡೋಪಾ ಕೂಡ ಒಂದು ಅಮೈನೋ ಆಮ್ಲ. ಪ್ರೋಟೀನ್ ಜೀರ್ಣವಾದರೆ ಬರುವುದೂ ಅಮೈನೋ ಆಮ್ಲಗಳೇ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋಗಲು ಎರಡಕ್ಕೂ ಅದೇ ಬಾಗಿಲು. ಹೊಟ್ಟೆ ತುಂಬ ಬ್ಯಾಳಿ ಉಂಡು ಗುಳಿಗೆ ನುಂಗಿದರೆ ಬಾಗಿಲಲ್ಲಿ ನೂಕುನುಗ್ಗಲು, ಲೆವೊಡೋಪಾ ಹೊರಗೇ ಕಾಯುತ್ತದೆ. ಹಸಿ ತೊಗರಿ ಬ್ಯಾಳಿ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ತೊಗರಿಯ ಜಿಲ್ಲೆ ನಮ್ಮದು, ಜೋಳದ ರೊಟ್ಟಿ ಜೊತೆ ಬ್ಯಾಳಿ, ಶೇಂಗಾ ಹಿಂಡಿ, ಮೊಸರು ಇಲ್ಲದೆ ಮಧ್ಯಾಹ್ನದ ಊಟ ಇಲ್ಲ. ಕಾಕಾನ ಎರಡು ಗಂಟೆಯ ಗುಳಿಗೆ ಯಾಕೆ ಸರಿಯಾಗಿ ಹಿಡಿಯುತ್ತಿರಲಿಲ್ಲ ಅಂತ ನನಗೆ ತಿಳಿದದ್ದು ಆಗ. ಅವರು ಅದನ್ನು ಊಟದ ಕೊನೆಯ ತುತ್ತಿನ ಜೊತೆ ನುಂಗುತ್ತಿದ್ದರು.

ಬ್ಯಾಳಿ ಬಿಡಬೇಡಿ. ಈ ಕಾಯಿಲೆಯಲ್ಲಿ ತೂಕ ಇಳಿಯುವುದು ಮೊದಲೇ ಇದೆ. ಗುಳಿಗೆಯ ಹೊತ್ತು ಬದಲಿಸಿ: ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದು ಗಂಟೆ ಬಿಟ್ಟು. ಹಾಲಿನ ಜೊತೆ ಬೇಡ, ಒಂದು ಲೋಟ ನೀರಿನ ಜೊತೆ ಸಾಕು. ಖಾಲಿ ಹೊಟ್ಟೆಗೆ ಓಕರಿಕೆ ಬಂದರೆ ಜೊತೆಗೆ ಒಂದೆರಡು ಬಿಸ್ಕತ್ತು ಸಾಕು. ಹಗಲು ಏರಿಳಿತ ಬಹಳ ಇರುವವರಿಗೆ ಬ್ಯಾಳಿ, ಮೊಟ್ಟೆ, ಮಾಂಸ ರಾತ್ರಿ ಊಟಕ್ಕೆ ಸರಿಸಲು ಕೆಲವು ಡಾಕ್ಟರು ಹೇಳುತ್ತಾರೆ. ಮಲಬದ್ಧತೆ ಇದ್ದರೆ ಅದನ್ನೂ ಹೇಳಿಕೊಳ್ಳಿ, ನಾಚಿಕೆ ಬೇಡ. ಈ ಕಾಯಿಲೆಯಲ್ಲಿ ಹೊಟ್ಟೆ, ಕರುಳು ಎರಡೂ ನಿಧಾನ ಆಗುತ್ತವೆ, ಗುಳಿಗೆ ಹೊಟ್ಟೆಯಲ್ಲೇ ಕೂತರೆ ಹಿಡಿಯುವುದು ತಡ. ಕಬ್ಬಿಣದ ಗುಳಿಗೆ ಲೆವೊಡೋಪಾವನ್ನು ಹಿಡಿದಿಟ್ಟುಕೊಳ್ಳುತ್ತದೆ, ಎರಡನ್ನೂ ಕೆಲವು ಗಂಟೆ ದೂರ ಇಡಿ.

ಡಬ್ಬಿಗೆ ಬೇರೆ ಗುಳಿಗೆ ಬಂದಾಗ

ಎರಡು ವರ್ಷದ ಹಿಂದೆ ಕಾಕಾಗೆ ಹೊಟ್ಟೆ ಉಬ್ಬರ ಅಂತ ಒಂದು ಕಡೆ ತೋರಿಸಿದೆವು. ಪಾರ್ಕಿನ್ಸನ್ ಇದೆ ಅಂತ ನಾವು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಗ್ಯಾಸಿನ ಕ್ಯಾಪ್ಸೂಲ್ ಕೊಟ್ಟರು. ಹೊಟ್ಟೆ ಹಗುರಾಯಿತು. ಮೂರು ವಾರದಲ್ಲಿ ಕಾಕಾ ಬಚ್ಚಲಿಗೆ ಹೋಗಲೂ ಕೈ ಹಿಡಿಯಬೇಕಾಯಿತು. ಕ್ಯಾಪ್ಸೂಲ್‌ನ ಹಿಂದೆ ಸಣ್ಣ ಅಕ್ಷರದಲ್ಲಿ ಲೆವೋಸಲ್ಪಿರೈಡ್ ಅಂತ ಇತ್ತು. ಅದು ಡೋಪಮಿನ್ ಕೂರುವ ಜಾಗವನ್ನೇ ಮುಚ್ಚುತ್ತದೆ. ಒಂದು ಕಡೆ ಡೋಪಮಿನ್ ಹೆಚ್ಚಿಸಲು ಮೂರು ಹೊತ್ತು ಗುಳಿಗೆ, ಇನ್ನೊಂದು ಕಡೆ ಅದಕ್ಕೆ ಬಾಗಿಲು ಹಾಕುವ ಕ್ಯಾಪ್ಸೂಲ್. ನಿಲ್ಲಿಸಿದ ಮೇಲೂ ಮೊದಲಿನ ಹಾಗೆ ಆಗಲು ಎರಡು ತಿಂಗಳು ಹಿಡಿಯಿತು.

ಹೀಗೆ ಮಾಡುವ ಬೇರೆ ಔಷಧಗಳೂ ಇವೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ತಲೆನೋವಿಗೆ ಕೊಡುವ ಫ್ಲುನರಿಜಿನ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್. ಪಾರ್ಕಿನ್ಸನ್ ಇಲ್ಲದವರಿಗೂ ಇವುಗಳಿಂದ ಪಾರ್ಕಿನ್ಸನ್‌ನಂಥ ಲಕ್ಷಣ ಬರಬಹುದು. ರಸಾಜಿಲಿನ್, ಸೆಲೆಜಿಲಿನ್ ನುಂಗುವವರಿಗೆ ಡೆಕ್ಸ್‌ಟ್ರೊಮೆಥಾರ್ಫನ್ ಇರುವ ಕೆಮ್ಮಿನ ಸಿರಪ್, ನೋವಿಗೆ ಕೊಡುವ ಟ್ರಮಡಾಲ್, ಪೆಥಿಡಿನ್ ಸಲ್ಲದು. ಮನಸ್ಸಿನ ಖಿನ್ನತೆಗೆ ಕೊಡುವ ಕೆಲವು ಔಷಧಗಳ ವಿಷಯದಲ್ಲೂ ಎಚ್ಚರ ಬೇಕು.

ನಸುಗುನ್ನಿ ಬೀಜದ ಪುಡಿಯ ಬಗ್ಗೆಯೂ ಕೇಳುತ್ತಾರೆ. ಮುಟ್ಟಿದರೆ ತುರಿಸುವ ಆ ಕಾಯಿಯ ಬೀಜದಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ. 1937ರಲ್ಲೇ ನಮ್ಮ ದೇಶದ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದರು. ಆಯುರ್ವೇದ ಕಂಪವಾತಕ್ಕೆ ಅದನ್ನು ಬಳಸುತ್ತದೆ. ಆದ್ದರಿಂದಲೇ ಗುಳಿಗೆಯ ಜೊತೆ ಗುಟ್ಟಾಗಿ ಕೊಡಬಾರದು. ಒಂದು ಚಮಚದಲ್ಲಿ ಎಷ್ಟು ಲೆವೊಡೋಪಾ ಅಂತ ಗೊತ್ತಾಗುವುದಿಲ್ಲ, ಬೀಜದಿಂದ ಬೀಜಕ್ಕೆ ಬೇರೆ. ಕಿರಿದಾದ ಬದುವಿನ ಮೇಲೆ ನಡೆಯುವವರನ್ನು ಹಿಂದಿನಿಂದ ತಳ್ಳಿದ ಹಾಗಾಗುತ್ತದೆ. ಕೊಡುತ್ತಿದ್ದರೆ ಡಾಕ್ಟರಿಗೆ ಹೇಳಿಬಿಡಿ.

ಮತ್ತೆ, ಯಾವ ಕಾರಣಕ್ಕೂ ಒಮ್ಮೆಲೇ ಎಲ್ಲ ಗುಳಿಗೆ ನಿಲ್ಲಿಸಬೇಡಿ. ಶರಣಬಸವೇಶ್ವರ ಜಾತ್ರೆಗೆ ಬಂದವರು ಡಬ್ಬಿ ಊರಲ್ಲೇ ಬಿಟ್ಟು ಬರುವುದುಂಟು, ಎರಡು ದಿನ ತಾನೇ ಅಂತ. ಡೋಪಮಿನ್ ಧುತ್ತನೆ ಕುಸಿದರೆ ಮೈ ಕಟ್ಟಿಗೆಯಂತಾಗಿ, ವಿಪರೀತ ಜ್ವರ ಬಂದು, ಎಚ್ಚರ ತಪ್ಪುವವರೆಗೂ ಹೋಗಬಹುದು. ಜೀವಕ್ಕೇ ಅಪಾಯ. ಬೇರೆ ಆಪರೇಷನ್‌ಗೆ ಭರ್ತಿಯಾದಾಗಲೂ ಈ ಗುಳಿಗೆಗಳ ಹೊತ್ತನ್ನು ಅಲ್ಲಿನವರಿಗೆ ಮೊದಲೇ ಬರೆದು ಕೊಡಿ.

ಕಾಕಿಯ ಕ್ಯಾಲೆಂಡರ್

ಡಾಕ್ಟರು ಕಾಕಾನನ್ನು ನೋಡುವುದು ಹತ್ತು ನಿಮಿಷ. ಆ ಹತ್ತು ನಿಮಿಷ ಆನ್ ಇರಬಹುದು, ಆಫ್ ಇರಬಹುದು. ಉಳಿದ ಹೊತ್ತು ನೋಡಿದವರು ಮನೆಯವರೇ. ಗುಳಿಗೆ ಎಷ್ಟಕ್ಕೆ ಕೊಟ್ಟಿರಿ, ಎಷ್ಟಕ್ಕೆ ಹಿಡಿಯಿತು, ಎಷ್ಟಕ್ಕೆ ಇಳಿಯಿತು, ಮೈ ಹೊರಳಿದ್ದು ಯಾವಾಗ, ಊಟ ಯಾವಾಗ. ನಾಲ್ಕೈದು ದಿನದ ಈ ಲೆಕ್ಕ ಇದ್ದರೆ ಯಾವ ಗುಳಿಗೆ ಹಿಂದೆ ಮುಂದೆ ಮಾಡಬೇಕು ಅಂತ ಅವರಿಗೆ ಕೂಡಲೇ ಕಾಣುತ್ತದೆ.

ಕಾಕಿ ಹೆಚ್ಚು ಬರೆಯುವವರಲ್ಲ. ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನದ ಮನೆಯೊಳಗೇ ಗುರುತು ಹಾಕುತ್ತಿದ್ದಾರೆ. ಗುಳಿಗೆ ಕೊಟ್ಟಾಗ ಒಂದು ಗೀಟು, ಕಾಕಾ ಎದ್ದು ಅಂಗಳಕ್ಕೆ ಬಂದಾಗ ಒಂದು ಸೊನ್ನೆ, ಕೂತುಬಿಟ್ಟಾಗ ಒಂದು ಚುಕ್ಕೆ. ಮಧ್ಯಾಹ್ನದ ಗುಳಿಗೆ ಈಗ ಒಂದೂವರೆಗೆ, ಊಟ ಎರಡಕ್ಕೆ. ಹೊಸ ಎರಡೂ ಶುರುವಾಗಿ ಮೂರು ವಾರ. ಮೊನ್ನೆ ಫೋನಿನಲ್ಲಿ, "ಚುಕ್ಕಿ ಕಮ್ಮಿ ಆಗ್ಯಾವ ತಮ್ಮಾ, ಹಾಳಿ ಹರಕೊಂಡ್ ತರ್ತೀನಿ, ಡಾಕ್ಟರಿಗಿ ನೀನೇ ತೋರ್ಸು" ಅಂದರು.